ಫೋಟೋಸ್ಟಾಟ್ ಅಕ್ಕನ ಎಂ.ಎ.

ಅಥವಾ ಅದು ಎಡಗೈಯೇ ಇರಬಹುದು. ಟೋನರ್ ಪುಡಿ ಕೂತು ಉಗುರಿನ ಬುಡದವರೆಗೆ ಕಪ್ಪಾದ ಒಂದು ಹೆಬ್ಬೆರಳು ನನಗೆ ಕಾಣುತ್ತದೆ. ಬಿಸಿ ಹಾಳೆಗಳ ಅಂಚನ್ನು ತಟ್ಟಿ ಸರಿಮಾಡುತ್ತಿದೆ. ಯಾವ ಕೈಯದು ಎಂದರೆ ಹೇಳಲಾರೆ. ಅಕ್ಕನ ಸೀರೆಯ ಬಣ್ಣವನ್ನಂತೂ ನಾನು ಪ್ರತಿ ಸಲವೂ ಬದಲಾಯಿಸಿ ಹೇಳಿದ್ದೇನೆ. ಬೆರಳೊಂದನ್ನು ನಂಬುತ್ತೇನೆ.

ನಮ್ಮ ಕಾಲೇಜಿನ ಗೇಟಿನೆದುರು ಅವರ ಫೋಟೋಸ್ಟಾಟ್ ಅಂಗಡಿ. ಹೊಸಂಗಡಿ ಕಡೆಯಿಂದ ಬಸ್ಸಿನಲ್ಲಿ ಬಂದು ಶಟರ್ ಎತ್ತುತ್ತಿದ್ದರು. ವಿದ್ಯಾರ್ಥಿಗಳಾಗಿದ್ದ ನಮಗೆಲ್ಲ ಅಕ್ಕ. ಇದೇ ಕಾಲೇಜನ್ನು ಅವರು ಹತ್ತೊಂಬತ್ತನೇ ವಯಸ್ಸಿನಲ್ಲಿ ಮದುವೆಗಾಗಿ ಬಿಟ್ಟಿದ್ದರಂತೆ. ನಾನು ಇಲ್ಲಿಗೇ ಮೇಷ್ಟ್ರಾಗಿ ಬಂದ ಮೇಲೆ ಒಂದು ಜೂನಿನಲ್ಲಿ, ಪ್ರೈವೇಟಾಗಿ ಬಿ.ಎ. ಮುಗಿಸಿಕೊಂಡಿದ್ದ ಅಕ್ಕ ಕನ್ನಡ ಎಂ.ಎ.ಗೆ ಸೇರಿ ನನ್ನ ಮುಂದಿನ ಬೆಂಚಿನಲ್ಲಿ ಕೂತರು. ಆಗ ಅವರಿಗೆ ಐವತ್ತೊಂದು ವರ್ಷ.

ಮೊದಲ ವಾರ ನೋಟ್ಸ್ ಬರೆಸುತ್ತಿದ್ದೆ. ಅಕ್ಕ ಎದ್ದು ನಿಂತರು.

"ಸಾರ್, ಈ ವಾಕ್ಯ ಅರ್ಧವೇ ಉಂಟು."

"ಇಲ್ಲಕ್ಕ, ಪೂರ್ತಿ ಇದೆ."

"ಅರ್ಧವೇ. ಉಳಿದದ್ದು ನನ್ನ ಮೆಷಿನಿನಲ್ಲಿ ಹೋದದ್ದು. ಪುಟದ ಅಡಿ ಕಟ್ಟಾಗಿತ್ತು. ನಿಮ್ಮ ಬ್ಯಾಚಿಗೆ ಕಾಪಿ ತೆಗೆದುಕೊಟ್ಟದ್ದು ನಾನೇ ಅಲ್ಲವಾ?"

ಹೌದು. ವಿದ್ಯಾರ್ಥಿಯಾಗಿ ಬಾಯಿಪಾಠ ಮಾಡಿದ ಅರ್ಧ ವಾಕ್ಯವನ್ನೇ ಮೇಷ್ಟ್ರಾಗಿ ಬರೆಸುತ್ತಿದ್ದೆ. ತರಗತಿ ನಕ್ಕಿತು. ಅಕ್ಕ ನಗಲಿಲ್ಲ. "ಪುಸ್ತಕವನ್ನೇ ತೆಗೆದು ನೋಡುವ" ಎಂದರು. ಅಂದಿನಿಂದ ನಾನು ನೋಟ್ಸ್ ಬರೆಸಿಲ್ಲ.

ಕೊನೆಯ ವರ್ಷ ಅವರ ಹಾಜರಿ ಸಾಲಲಿಲ್ಲ. ಕಡಿಮೆ ಬಿದ್ದವರು ಪಿ.ಟಿ.ಎ. ಮೀಟಿಂಗಿಗೆ ರಕ್ಷಕರನ್ನು, ಎಂದರೆ ಅಪ್ಪ ಅಮ್ಮನನ್ನೋ ಮನೆಯವರನ್ನೋ, ಕರೆತಂದು ಅರ್ಜಿಗೆ ಸಹಿ ಹಾಕಿಸಬೇಕು. ಇಲ್ಲದಿದ್ದರೆ ಪರೀಕ್ಷೆ ಇಲ್ಲ. ನಿಯಮವನ್ನು ಅಕ್ಕನಿಗೂ ನಾನೇ ಓದಿ ಹೇಳಿದೆ. ಓದುವಾಗ ನಾಚಿಕೆಯಾಯಿತು ಎಂದು ಬರೆಯಬಹುದಿತ್ತು. ಆಗಲಿಲ್ಲ.

ಮೀಟಿಂಗಿನ ದಿನ ಅಪ್ಪಂದಿರು, ಅಮ್ಮಂದಿರು ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಅವರ ನಡುವೆ ಅಕ್ಕ. ಸರದಿ ಬಂದಾಗ ನನ್ನೆದುರಿನ ಕುರ್ಚಿಗೆ ಬಂದರು.

"ಯಾರು ಬಂದಿದ್ದಾರಕ್ಕ?"

"ಕಾಣುವುದಿಲ್ಲವಾ? ನಾನೇ. ನಮ್ಮ ಹುಡುಗಿ ಹೇಗೆ ಕಲೀತಾಳೆ ಸಾರ್?"

ಹಿಂದೆ ಯಾರೋ ಕಿಸಕ್ಕೆಂದರು. ನಾನು ಸಿಕ್ಕಿಬಿದ್ದವನಂತೆ ಉತ್ತರಿಸಿದೆ: "ಚೆನ್ನಾಗಿ ಕಲೀತಾರೆ. ಹಾಜರಿ ಕಡಿಮೆ."

"ಅವಳಿಗೆ ಅಂಗಡಿ ಉಂಟು. ಇವರ ಮಕ್ಕಳಿಗೆಲ್ಲ ಪರೀಕ್ಷೆ ಬಂದರೆ ಮೆಷಿನ್ ಹತ್ತಿರ ನಿಲ್ಲುವುದು ಯಾರು?"

"ಮನೆಯವರು ಬರಬೇಕಿತ್ತು, ಅಕ್ಕ."

"ಯಜಮಾನರು ಬರುವುದಿಲ್ಲ. ಎಂ.ಎ. ಆದ ಮೇಲೆ ನೀನು ಮಾಡುವ ಸಾರಿಗೆ ಬೇರೆ ರುಚಿ ಬರ್ತದಾ ಅಂತ ಕೇಳಿದ್ರು. ಸಹಿ ಹಾಕ್ಲಿಕ್ಕಿಲ್ಲ ಅಂತ ಹೇಳಿದ್ರು." ನನ್ನ ಪೆನ್ನನ್ನು ಕೈಯಿಂದಲೇ ತೆಗೆದುಕೊಂಡರು. "ಇಷ್ಟು ವರ್ಷ ಇವಳನ್ನು ನೋಡಿಕೊಂಡದ್ದು ನಾನು ಮಾರಾಯ. ಬೇರೆ ರಕ್ಷಕರನ್ನು ಎಲ್ಲಿಂದ ತರ್ಲಿ?"

ರಕ್ಷಕರ ಜಾಗದಲ್ಲಿ ತಾವೇ ಸಹಿ ಹಾಕಿದರು. 'ಸಂಬಂಧ' ಎಂಬಲ್ಲಿ 'ಸ್ವಂತ' ಎಂದು ಬರೆದರು.

ಅವರು ಮಾತನ್ನು ಇಷ್ಟು ಚೊಕ್ಕವಾಗಿ ಆಡಿದ್ದರೇ? ಸ್ಟಾಫ್ ರೂಮಿನಲ್ಲಿ ಹೇಳಿ ಹೇಳಿ ನಾನೇ ಅದಕ್ಕೆ ಹೊಳಪು ಕೊಟ್ಟಿರಬಹುದು. ಆ ಅರ್ಜಿ ಮಾತ್ರ ನಿಜ. ಕೆಳಗೆ ಶಿಫಾರಸು ಬರೆದವನು ನಾನು. ಆಫೀಸಿನವರು ಕರೆಸಿ, "ಎಂತ ಸಾರ್ ಇದು?" ಎಂದು ಕೇಳಿದಾಗ "ಸರಿಯಾಗಿಯೇ ಉಂಟು, ಕಳಿಸಿ" ಎಂದೆ. ಅಷ್ಟು ನೆಟ್ಟಗೆ ನಾನು ಯಾರೆದುರೂ ಅದುವರೆಗೆ ನಿಂತಿರಲಿಲ್ಲ. ಆ ಧೈರ್ಯ ಎದುರಿನ ಕುರ್ಚಿಯಿಂದ ಬಂದದ್ದು.

ಅರ್ಜಿ ಪಾಸಾಯಿತು. ಅಕ್ಕ ಪರೀಕ್ಷೆ ಬರೆದು ಮೊದಲ ಸಲಕ್ಕೇ ಸೆಕೆಂಡ್ ಕ್ಲಾಸಿನಲ್ಲಿ ತೇರ್ಗಡೆಯಾದರು. ಮಾರ್ಕ್ ಲಿಸ್ಟನ್ನು ಅವರ ಕೈಗೆ ಕೊಟ್ಟದ್ದೇ ನಾನು.

ಹೋದ ವರ್ಷ ಅಕ್ಕ ತೀರಿಕೊಂಡರು. ಮನೆಗೆ ಹೋದೆ. ಅವರ ಯಜಮಾನರು ಕುರ್ಚಿ ಎಳೆದು ಕೂರಿಸಿ, ತಾವು ನಿಂತೇ ಮಾತಾಡಿದರು.

"ನಾಲ್ಕು ವರ್ಷ ಪರೀಕ್ಷೆ ಕಟ್ಟಿಯೂ ಪಾಸಾಗ್ಲಿಲ್ಲ ಅಲ್ಲವಾ ಸಾರ್, ಪಾಪ. ಸಪ್ಲಿಮೆಂಟರಿ ಉಂಟು ಅಂತ ಬೆಳಿಗ್ಗೆಯೇ ಬಸ್ಸಿಗೆ ಓಡ್ತಿದ್ಳು. ನಾನು ಮೊದಲು ಬೈದದ್ದು ಹೌದು. ಕಡೆಗೆ ಬುತ್ತಿ ಕಟ್ಟಿ ಕೊಡ್ತಿದ್ದದ್ದು ನಾನೇ."

ಪಾಸಾದ ಸುದ್ದಿಯನ್ನು ಅಕ್ಕನೇ ಮನೆಯಲ್ಲಿ ಹೇಳದೆ ಇಟ್ಟುಕೊಂಡಿರುವಾಗ, ಅದನ್ನು ಅವರ ಅಂಗಳದಲ್ಲಿ ಕೂತು ಒಪ್ಪಿಸಿಬಿಡಲು ನಾನು ಯಾರು?

ಎಂ.ಎ. ಮುಗಿದ ಮೇಲಿನ ಆ ನಾಲ್ಕು ವರ್ಷ ಆಗಾಗ ಅಂಗಡಿಯ ಶಟರ್ ಇಡೀ ದಿನ ಮುಚ್ಚಿರುತ್ತಿದ್ದದ್ದು ನನಗೂ ಗೊತ್ತು. ಅಂಥ ದಿನ ಅಕ್ಕ ಕಾಲೇಜಿಗಂತೂ ಬಂದವರಲ್ಲ. ಬುತ್ತಿ ಹಿಡಿದು ಎಲ್ಲಿಗೆ ಹೋಗುತ್ತಿದ್ದರು, ಗೊತ್ತಿಲ್ಲ.