ಎಳೆಬಂಡಿಯ ತಪ್ಪೊಪ್ಪಿಗೆ

ಹಜ್ವಿನೇಯಿ ಎಂದರೆ ಶೋನಾ ಮಾತಿನಲ್ಲಿ ‘ಪರವಾಗಿಲ್ಲ’ ಎಂದು ಅರ್ಥ. ಹುಟ್ಟಿದ್ದು ಮತ್ತೆ ಹೆಣ್ಣೇ ಎಂದು ಕೇಳಿದ ಅಪ್ಪ ನಿಟ್ಟುಸಿರು ಬಿಟ್ಟು ಇಟ್ಟ ಹೆಸರು. ಆದರೆ ಆ ಹೆಸರಿನವಳಿಗೆ ಪರವಾಗಿಲ್ಲ ಅನ್ನಿಸುವ ಸಂಗತಿ ಇಡೀ ಗುಟು ಸೀಮೆಯಲ್ಲಿ ಒಂದೂ ಇರಲಿಲ್ಲ. ಹಸಿ ಕೊಂಬೆ ಮುರಿದವರನ್ನು ದಾರಿಯಲ್ಲೇ ನಿಲ್ಲಿಸಿ ಕೇಳುವಳು. ಹಳ್ಳದ ದಂಡೆಯವರೆಗೂ ನೇಗಿಲು ಹೊಡೆದವರನ್ನು ಮನೆಗೇ ಹೋಗಿ ಕೇಳುವಳು, ಅದೂ ಊಟದ ಹೊತ್ತಿಗೆ.

“ಭೂಮಿ ಅಂದ್ರೆ ಮ್ವಾರಿ ಉಟ್ಟಿರೋ ಬಟ್ಟೆ. ದೇವರ ಬಟ್ಟೆ ಹರಿದೋನು ಹೊಲಿದುಕೊಡ್ಬೇಕೋ ಬೇಡ್ವೋ?” ಎನ್ನುವುದು ಅವಳ ವಾದ. ಎದುರಿಗಿದ್ದವರು ಬಾಯಲ್ಲಿ ಸಾಡ್ಜಾ ಮುದ್ದೆ ಇದ್ದುದರಿಂದ ತಲೆಯಾಡಿಸುತ್ತಿದ್ದರು. ಅಷ್ಟು ಸಾಕಿತ್ತು ಅವಳಿಗೆ.

ಅವಳ ಮನೆಯಲ್ಲಿ ನೀರಿಗೆ ಪುನರ್ಜನ್ಮವಿತ್ತು. ಸೊಪ್ಪು ತೊಳೆದ ನೀರಿನಲ್ಲಿ ಪಾತ್ರೆ, ಪಾತ್ರೆ ತೊಳೆದ ನೀರಿನಲ್ಲಿ ಕಾಲು, ಕಾಲು ತೊಳೆದ ನೀರು ಸಸಿಗಳಿಗೆ. ಹಿತ್ತಲ ತುಂಬ ಹಾಲಿನ ಪೊಟ್ಟಣ, ಮೀನಿನ ಡಬ್ಬಿ, ಒಡೆದ ಮಗ್ಗು. ಎಲ್ಲದರಲ್ಲೂ ಒಂದೊಂದು ಸಸಿ. ಬೆಳಿಗ್ಗೆ ಎದ್ದು ಮೊದಲು ಅವಕ್ಕೆಲ್ಲ ಹೇಗಿದ್ದೀರಿ ಎಂದು ಕೇಳಿದ ಮೇಲೆಯೇ ಗಂಡನ ಯೋಗಕ್ಷೇಮ. ಸಾಲಿನಲ್ಲಿ ಅವನು ಕೊನೆಯವನು.

ಅವಳು ಸೇರಿದ್ದ ಜಿಯೋನ್ ಎಂಬ ಕ್ರೈಸ್ತ ಸಭೆಯವರಿಗೆ ಗುಡಿ ಗೋಪುರ ಇರಲಿಲ್ಲ. ಬಿಳಿ ನಿಲುವಂಗಿ, ಹಸಿರು ನಡುಪಟ್ಟಿ, ಡೋಲು, ಮೇಲೆ ಆಕಾಶ. ಮೊದಲ ಮಳೆಗೆ ಬೋಳುಗುಡ್ಡದ ಬಳಿ ಸೇರಿ, ಕೈಯಲ್ಲೊಂದು ಸಸಿ ಹಿಡಿದು, ಆ ವರ್ಷ ನೆಲಕ್ಕೆ ತಾನು ಮಾಡಿದ ಗಾಯವನ್ನು ಎಲ್ಲರೆದುರು ಹೇಳಿಕೊಳ್ಳಬೇಕು. ಆಮೇಲೆ ರೊಟ್ಟಿ ಮತ್ತು ದ್ರಾಕ್ಷಾರಸದ ಪ್ರಸಾದ, ಆಮೇಲೆ ಸಸಿ ನೆಡುವುದು. ಮರ ಕಡಿದದ್ದನ್ನು ಮರೆತವರಿಗೆ ನೆನಪಿಸಲು ಹಜ್ವಿನೇಯಿ ಮುಂದಿನ ಸಾಲಿನಲ್ಲೇ ಇರುತ್ತಿದ್ದಳು. “ಹುತ್ತದ ಪಕ್ಕದ್ದನ್ನ ಬಿಟ್ಟೆಯಲ್ಲ ಮಗಾ,” ಎಂದು ಮೆಲ್ಲಗೆ ಹೇಳುವಳು. ಮೆಲ್ಲಗೆ ಎಂದರೆ ಗುಡ್ಡದ ಆಚೆಗೂ ಕೇಳುವಷ್ಟು.

ಇಷ್ಟೆಲ್ಲ ಇದ್ದೂ ಅವಳ ಮನೆಯಲ್ಲೇ ಒಂದು ಪಾಪ ಕಾಲು ಚಾಚಿ ಮಲಗಿತ್ತು. ಅದು ಗಂಡ ತೊಬಾಯಿವಾನ ಎಳೆಬಂಡಿ. ಕವಲೊಡೆದ ಮರದ ಕಾಂಡಕ್ಕೆ ನೊಗ ಕಟ್ಟಿದರೆ ಆಯಿತು. ಚಕ್ರದ ತಂಟೆಯಿಲ್ಲ, ಎತ್ತುಗಳು ನೆಲದ ಮೇಲೆ ಎಳೆದುಕೊಂಡು ಹೋಗುತ್ತವೆ. ಎಳೆ ಎಂಬುದು ಹೆಸರಿಗಷ್ಟೇ, ವಯಸ್ಸಿನಲ್ಲಿ ಅವರ ಮದುವೆಗಿಂತ ಹಳೆಯದು. ಅದು ಉಜ್ಜಿ ಉಜ್ಜಿ ಮಾಡಿದ ಗೀಟು ಮಳೆನೀರಿಗೆ ಕೊರಕಲಾಗಿ, ಅಂಗಳದಿಂದ ಬೋಳುಗುಡ್ಡದ ಬುಡದವರೆಗೂ ಬಾಯಿ ಬಿಟ್ಟಿತ್ತು. ಸಭೆಯಲ್ಲಿ ಎಳೆಬಂಡಿ ನಿಷಿದ್ಧ. ಆದ್ದರಿಂದ ಪ್ರತಿ ವರ್ಷ ಊರೆಲ್ಲ ಗಿಡ ಹಿಡಿದು ನಿಂತರೆ ತೊಬಾಯಿವಾ ದೂರದಲ್ಲಿ ಹಟ ಹಿಡಿದು ನಿಲ್ಲುತ್ತಿದ್ದ. ಡೋಲಿಗೆ ಕಾಲು ಮಾತ್ರ ತಾಳ ಹಾಕುತ್ತಿತ್ತು.

ಗಂಡ ಹೆಂಡಿರು ಈ ವಿಷಯವಾಗಿ ಎಂದೂ ಜಗಳವಾಡಲಿಲ್ಲ. ಆ ಕೆಲಸಕ್ಕೆ ಪ್ರಾಣಿಗಳಿದ್ದವು. ಹಜ್ವಿನೇಯಿ ನಾಯಿಗೆ ‘ಮುಚನೇಟಾ’ ಎಂದು ಹೆಸರಿಟ್ಟಿದ್ದಳು. ‘ನಿಮಗೇ ಸುಸ್ತಾಗುತ್ತೆ’ ಎಂದು. ಗಂಡ ಬಂಡಿ ಕಟ್ಟುವಾಗಲೆಲ್ಲ ನಾಯಿಯನ್ನು ಗಟ್ಟಿಯಾಗಿ ಕರೆಯುವಳು. ಅವನು ಎತ್ತಿಗೆ ‘ಹಂದಿಯೆಂದಿ’ ಎಂದು ಹೆಸರಿಟ್ಟ. ‘ನಾ ಹೋಗಲ್ಲ’ ಎಂದು. ಅವಳು ಬಿಳಿ ನಿಲುವಂಗಿ ತೊಟ್ಟು ಹೊರಟಾಗಲೆಲ್ಲ ಅವನಿಗೆ ಎತ್ತಿನ ನೆನಪಾಗುತ್ತಿತ್ತು.

ಬಾಗಿಲ ಪಕ್ಕದಲ್ಲಿ ಒಂದು ತೂತು ಬಕೆಟ್ಟಿನಲ್ಲಿ ನೇರಳೆ ಜಾತಿಯ ಮುಕುಟೆ ಗಿಡವಿತ್ತು. ಹಿಂದೆ ಯಾವಾಗಲೋ ಹಜ್ವಿನೇಯಿ ಅದನ್ನು ಗಂಡನ ಹೆಸರಿನಲ್ಲಿ ಹರಕೆ ಹೊತ್ತು ಬೆಳೆಸಿದ್ದಳು, ಅವನೇ ನೆಡಬೇಕು. ಅವನು ಬರಲಿಲ್ಲ, ಅದು ಬೆಳೆಯುವುದು ಬಿಡಲಿಲ್ಲ. ಮೀನಿನ ಡಬ್ಬಿಯಿಂದ ಬಣ್ಣದ ಡಬ್ಬಿಗೆ, ಅಲ್ಲಿಂದ ಬಕೆಟ್ಟಿಗೆ ಬಡ್ತಿ ಪಡೆದು ಈಗ ಅವಳಿಗಿಂತ ಎತ್ತರವಾಗಿತ್ತು. ಬೇರಿಗೆ ಬೇರೆ ದಾರಿಯಿಲ್ಲದೆ ಬಕೆಟ್ಟಿನೊಳಗೇ ಸುತ್ತಿ ಸುತ್ತಿ ಗಂಟು ಬಿದ್ದಿತ್ತು. ಈ ವರ್ಷ ಎಲೆ ಹಳದಿಯಾಗತೊಡಗಿತು.

“ಮುಚನೇಟಾ, ಈ ಮಳೆಗೆ ನೆಲ ಕಾಣದಿದ್ರೆ ಇದು ಸತ್ತುಹೋಗುತ್ತೆ ಕಣೋ,” ಎಂದು ಅವಳು ನಾಯಿಗೆ ಹೇಳಿದಳು. ಆ ದಿನ ಅವಳ ದನಿಯಲ್ಲಿ ಚುಚ್ಚುಮಾತಿನ ಮೊನೆ ಇರಲಿಲ್ಲ. ತೊಬಾಯಿವಾ ಎತ್ತಿನ ಹೆಸರು ಹಿಡಿದು ಉತ್ತರ ಕೊಡಲೂ ಇಲ್ಲ.

ಸಭೆಯ ದಿನ ಬೆಳಿಗ್ಗೆ ಮಳೆ ಹೊಡೆಯಿತು. ಸಸಿ ಒಯ್ಯಲು ಬರಬೇಕಿದ್ದ ಚಕ್ರದ ಗಾಡಿ ಕೆಸರಲ್ಲಿ ಅಚ್ಚಿನವರೆಗೂ ಹೂತು ಕುಳಿತಿದೆಯೆಂದು ಸುದ್ದಿ ಬಂತು. ಅತ್ತ ಗುಡ್ಡದಿಂದ ಡೋಲು ಕೇಳುತ್ತಿದೆ, ಇತ್ತ ಹಿತ್ತಲ ತುಂಬ ಸಸಿ. ಹಜ್ವಿನೇಯಿ ತಲೆಯ ಮೇಲೊಂದು ಬುಟ್ಟಿ, ಕಂಕುಳಲ್ಲೊಂದು ಬುಟ್ಟಿ ಹೊತ್ತು ಹೊರಟಳು. ಹಿಂದಿನಿಂದ ನೊಗದ ಸದ್ದು.

“ಆ ಪಾಪಿ ಬಂಡಿ ಮೇಲೆ ನನ್ನ ಸಸಿ ಹತ್ತಲ್ಲ, ಫರಿರಾಯಿ ಅಪ್ಪಾ,” ಎಂದಳು. ಊರ ರೂಢಿಯಂತೆ ಗಂಡನನ್ನು ಮಗನ ಹೆಸರು ಸೇರಿಸಿಯೇ ಕರೆಯುವಳು.

“ಬೇಡ ಬಿಡು. ತಲೆ ಮೇಲೇ ಹೊರು. ಮುಂದಿನ ಮಳೆಗಾಲಕ್ಕೆ ತಲುಪ್ತೀಯ.”

ಅವಳು ಡೋಲಿನ ಕಡೆ ನೋಡಿದಳು, ಸಸಿಗಳ ಕಡೆ ನೋಡಿದಳು, ಬುಟ್ಟಿ ಇಳಿಸಿದಳು. ಎಲ್ಲ ಹೇರಿ ಮುಗಿದ ಮೇಲೆ ಬಾಗಿಲ ಬಳಿಯ ಬಕೆಟ್ಟನ್ನೂ ಎಳೆತಂದಳು. ತೊಬಾಯಿವಾ ಅದನ್ನು ಎತ್ತಿ ಇಟ್ಟ. “ನಡಿಯೋ ‘ನಾ ಹೋಗಲ್ಲ’, ಹೋಗೋಣ,” ಎಂದ. ಎತ್ತಿಗೇ ಗಲಿಬಿಲಿಯಾಯಿತು.

ಬಂಡಿ ಗುಡ್ಡದ ಬಳಿ ಬಂದಾಗ ಡೋಲು ನಿಂತಿತು. ಪಕ್ಕದ ಮನೆಯ ಸೆಕೆಸಾಯಿ ಬಾಯಿಗೆ ಸೆರಗಿನಂತೆ ಶಾಲು ಒತ್ತಿಕೊಂಡು, “ಅಯ್ಯೋ, ಸೈತಾನನ ಬೆನ್ನೇರಿ ದೇವಲೋಕಕ್ಕೆ ಬಂದ್ಯಾ ಅಜ್ಜಿ?” ಎಂದು ನಕ್ಕಳು.

ಬಿಷಪ್ ಗಂಬೀಜಾ ಗಂಟಲು ಸರಿಮಾಡಿಕೊಂಡರು. “ತಾತ, ಸಸಿ ಇಳೀಲಿ. ಬಂಡಿ ಮಾತ್ರ ಹೊರಗಿರಲಿ.”

“ಓಹೋ! ಅದು ಹೊತ್ತಿದ್ದು ಬೇಕು, ಅದು ಬೇಡ!”

“ತಪ್ಪು ಹೇಳ್ಕೊಂಡ್ರೆ ಯಾರು ಬೇಕಾದ್ರೂ ಒಳಗೆ ಬರಬಹುದು.”

“ನಂದೇನೂ ತಪ್ಪಿಲ್ಲ. ನೆಲ ಸೀಳಿದ್ದು ಬಂಡಿ.”

“ಹಾಗಾದ್ರೆ ಬಂಡೀನೇ ಹೇಳ್ಕೊಳ್ಳಲಿ,” ಎಂದುಬಿಟ್ಟರು ಬಿಷಪ್, ಮಾತು ಮುಗಿಸುವ ಉಪಾಯವೆಂದು.

ಎತ್ತು ನಾಯಿಗಳ ಬಾಯಿಂದ ಸಂಸಾರ ನಡೆಸಿದ ಮನುಷ್ಯನಿಗೆ ಇದೇನು ದೊಡ್ಡದು? ತೊಬಾಯಿವಾ ಟೋಪಿ ತೆಗೆದು ಬಂಡಿ ಹತ್ತಿ ನಿಂತ.

“ನಾನು ಬಂಡಿ,” ಎಂದ. ಜನ ಗೊಳ್ಳೆಂದರು. “ಮೊದಲು ಮುಬ್ವಮರೋಪಾ ಮರ ಆಗಿದ್ದೆ, ಕಡಿದ್ರೆ ಕೆಂಪು ರಸ ಸುರಿಸೋ ಜಾತಿ. ಯಾರ ತಂಟೆಗೂ ಹೋದವನಲ್ಲ. ಒಬ್ಬ ಹುಡುಗ ಕೊಡಲಿ ತಗೊಂಡು ಬಂದ. ಮೊದಲ ಏಟಿಗೇ ನನ್ನ ಮೈಯಿಂದ ಕೆಂಪಗೆ ರಕ್ತ ಹರೀತು. ಹುಡುಗ ಕೊಡಲಿ ಬಿಸಾಕಿ ಅವ್ವನ ಹತ್ರ ಓಡಿಹೋದ.” ಮತ್ತೆ ನಗು. “ಮಾರನೇ ದಿನ ಬಂದು ಕಣ್ಣು ಮುಚ್ಕೊಂಡು ಕಡಿದ.”

ನಗು ಕಡಿಮೆಯಾಯಿತು.

“ಆಮೇಲೆ ನಾನು ಹೋದಲ್ಲೆಲ್ಲ ನೆಲ ಸೀಳಿದೆ. ಮೊದಲು ಗೀಟು, ಆಮೇಲೆ ಕಾಲುವೆ, ಈಗ ಕೊರಕಲು. ಅದರಲ್ಲಿ ಸೆಕೆಸಾಯಿ ಕರು ಬಿದ್ದು ಕಾಲು ಮುರ್ಕೊಂಡಿತು. ನನ್ನ ಯಜಮಾನ ಮಳೆ ಮೇಲೆ ತಪ್ಪು ಹಾಕ್ದ. ಅವನಿಗೆ ಗೊತ್ತಿತ್ತು. ಅವತ್ತಿಂದ ಆ ಕಡೆ ನೋಡೋದೇ ಬಿಟ್ಟ.”

ಸೆಕೆಸಾಯಿ ಶಾಲನ್ನು ಬಾಯಿಂದ ತೆಗೆದು ಕಣ್ಣಿಗೊತ್ತಿಕೊಂಡಳು. “ಬಂಡೀನ ಕ್ಷಮಿಸಿದೀನಿ. ಯಜಮಾನನ ವಿಷಯ ಆಮೇಲೆ ನೋಡೋಣ.”

“ಬಂಡಿ ಒಂದು ಮರೆತಿದೆ,” ಎಂದಳು ಹಜ್ವಿನೇಯಿ.

ಬಿಷಪ್ ಕಣ್ಣು ಮುಚ್ಚಿದರು. ತೊಬಾಯಿವಾನ ಕೈಯಲ್ಲಿದ್ದ ಟೋಪಿ ಮುದ್ದೆಯಾಯಿತು. ಅವಳು ಮುಂದೆ ಬಂದು ಬಂಡಿಯ ಮೇಲೆ ಕೈಯಿಟ್ಟಳು.

“ಮದುವೆಯಾಗಿ ನಾನು ಈ ಊರಿಗೆ ಬಂದದ್ದು ಇದರ ಮೇಲೆ ಕೂತ್ಕೊಂಡೇ. ಸಂಗಡ ಮಡಕೆ, ಚಾಪೆ, ಒರಳು. ಕೆಳಗೆ ನೆಲ ಸವೀತಿದ್ದದ್ದು ನೋಡ್ಲಿಲ್ಲ. ರಾಣಿ ಥರಾ ಕೂತಿದ್ದೆ. ಆ ಕೊರಕಲಲ್ಲಿ ನಂದೂ ಭಾರ ಇದೆ.”

ಊರಿನ ಪಾಪವನ್ನೆಲ್ಲ ನೆನಪಿಟ್ಟವಳು ತನ್ನದೊಂದನ್ನು ಹೇಳಿದ್ದು ಇದೇ ಮೊದಲು. ಡೋಲಿನವನು ತಡೆಯಲಾಗದೆ ಬಾರಿಸಿಬಿಟ್ಟ. ಹೆಂಗಸರು ಉಲುಲುಲು ಎಂದು ಹರ್ಷದ ಕೂಗು ಹಾಕಿದರು. ಬಿಷಪ್ಪರ ಕಾಲೂ ಕುಣಿಯತೊಡಗಿತು.

ಎಳೆಬಂಡಿಯನ್ನು ಗುಡ್ಡದ ಬುಡದಲ್ಲಿ ಕೊರಕಲಿಗೆ ಅಡ್ಡಲಾಗಿ ಮಲಗಿಸಿದರು. ಅದರ ಬೆನ್ನಿಗೆ ಕಲ್ಲು, ಕಲ್ಲಿನ ಬೆನ್ನಿಗೆ ಮಣ್ಣು. ಹರಿದ ಬಟ್ಟೆಗೆ ಹಾಕಿದ ಮೊದಲ ಹೊಲಿಗೆ. ಬಕೆಟ್ಟನ್ನು ಸೀಳಿ, ಗಂಟು ಬಿದ್ದ ಬೇರುಗಳನ್ನು ಹಜ್ವಿನೇಯಿ ಜಡೆ ಬಿಡಿಸುವ ಹಾಗೆ ಒಂದೊಂದಾಗಿ ಬಿಡಿಸಿದಳು. ಪ್ರಸಾದದ ರೊಟ್ಟಿಯ ಚೂರನ್ನು ಬಾಯಲ್ಲಿಟ್ಟುಕೊಂಡು ತೊಬಾಯಿವಾ ಗಿಡವನ್ನು ಗುಂಡಿಗೆ ಇಳಿಸಿದ.

“ತಡ ಆಯ್ತು ಕಣಪ್ಪಾ,” ಎಂದ ಗಿಡಕ್ಕೆ. “ಬೇರು ಚಾಚ್ಕೋ.”

ಈಗ ಅವರ ಮನೆಗೆ ಸೌದೆ ಬರುವುದು ತೊಬಾಯಿವಾನ ಹೆಗಲ ಮೇಲೆ. ದಿನಾ ಬೆಳಿಗ್ಗೆ ಅವನು ಕಾಲು ತೊಳೆದ ನೀರಿನ ತಂಬಿಗೆ ಹಿಡಿದು ಗುಡ್ಡದ ಕಡೆ ಹೋಗುತ್ತಾನೆ. ಕೇಳಿದರೆ, ಬಂಡಿ ಹೇಗಿದೆಯೆಂದು ನೋಡಲು ಎನ್ನುತ್ತಾನೆ. ಮುಕುಟೆಗೆ ಹೊಸ ಚಿಗುರು ಬಂದಿರುವುದನ್ನು ಮಾತ್ರ ಹೆಂಡತಿಗೆ ಅವನೇ ಓಡಿಬಂದು ಹೇಳಿದ.

ಮನೆಯಲ್ಲೊಂದು ಕರು ಹುಟ್ಟಿದೆ. ಹೆಸರು ‘ತಸ್ವಿಕಾ’, ‘ನಾವು ತಲುಪಿದೆವು’ ಎಂದು. ಇಟ್ಟವರು ಯಾರು ಎಂಬುದರ ಬಗ್ಗೆ ಗಂಡ ಹೆಂಡಿರಲ್ಲಿ ಜಗಳ ನಡೆದಿದೆ, ಈ ಸಲ ನೇರವಾಗಿ. ನಾಯಿ, ಎತ್ತು ಎರಡೂ ಅಂಗಳದಲ್ಲಿ ಮಲಗಿ ಕೇಳಿಸಿಕೊಳ್ಳುತ್ತಿವೆ.