ದರ್ಜಿ ಕಾಯಿಸಿದ ಕಷಾಯ

ಹೆಂಡತಿ ಹಾಸಿಗೆ ಹಿಡಿದಾಗಿನಿಂದ ದರ್ಜಿ ದಿನಾ ಅಂಗಡಿ ತೆರೆಯುವ ಮೊದಲು ಬೇರು, ತೊಗಟೆ ಕುದಿಸಿ ಕಷಾಯ ಕುಡಿಸುತ್ತಿದ್ದ. ಆಸ್ಪತ್ರೆಯ ಮಾತ್ರೆಯೂ ಇತ್ತು. ಅವಳ ನಂಬಿಕೆಯೆಲ್ಲ ಗಂಡ ಕೊಡುವ ಲೋಟದ ಮೇಲೆ.

"ಕಷಾಯದಿಂದ ಲಿವರ್ ಹಾಳಾಗ್ತಿದೆ, ನಿಲ್ಲಿಸಿ" ಎಂದು ಡಾಕ್ಟರಮ್ಮ ಅವನನ್ನು ಪಕ್ಕಕ್ಕೆ ಕರೆದು ಹೇಳಿದರು. ಹೆಂಡತಿಗೆ ಹೇಳಲು ಬಾಯಿ ಬರಲಿಲ್ಲ. ಮರುದಿನ ಅದೇ ಲೋಟದಲ್ಲಿ ಹಾಲಿಲ್ಲದ ಚಹಾ ಕೊಟ್ಟ.

ಒಂದು ಗುಟುಕು ಕುಡಿದು ಅವಳು ತಲೆಯೆತ್ತಿದಳು. "ರೀ, ನಾನು ಉಳೀತೀನಿ ಅನ್ನೋ ಆಸೆ ಬಿಟ್ಟುಬಿಟ್ರಾ?"

"ಇಲ್ಲ ಕಣೇ. ಕಷಾಯ ಬೇಡ ಅಂದ್ರು ಡಾಕ್ಟ್ರು. ನಾನೇ ನಿನಗೆ..."

"ನೀವೇನು ಬೇಕಂತ ಕೊಟ್ರಾ? ಬಿಡಿ, ಆ ಕಹಿಗೆ ನನ್ನ ನಾಲಿಗೆಯೇ ಸತ್ತುಹೋಗಿತ್ತು" ಎಂದು ನಕ್ಕು ಲೋಟ ಬರಿದು ಮಾಡಿದಳು.

ಚಳಿಗಾಲ ಮುಗಿಯುವಷ್ಟರಲ್ಲಿ ಅವಳು ತೀರಿಕೊಂಡಳು. ಅಲ್ಲಿಯವರೆಗೂ ಅವನು ಚಹಾ ಕಾಯಿಸಿದ. ಅವಳು ಅದನ್ನು ಕಷಾಯವೆಂದೇ ಕರೆದು, ಕೇಳಿ ಕುಡಿಯುತ್ತಿದ್ದಳು.