ಸತ್ತವರ ಡಾಕ್ಟರು

ಬೀದಿಯ ತಿರುವಿನ ದವಾಖಾನೆಯ ಡಾಕ್ಟರಿಗೆ ‘ಸತ್ತವರ ಡಾಕ್ಟರು’ ಎಂದು ಅಡ್ಡಹೆಸರಿಟ್ಟವಳು ಅವರ ಹೆಂಡತಿಯೇ. ಕೈಗುಣವೇನೋ ಒಳ್ಳೆಯದೇ, ಕೆಮ್ಮು, ಜ್ವರ ಎಂದು ಬಂದವರು ಗುಣವಾಗಿಯೇ ಮನೆಗೆ ಹೋಗುತ್ತಿದ್ದರು. ಆದರೆ ಡಾಕ್ಟರ ಜೀವವೆಲ್ಲ ಇದ್ದದ್ದು ಎಂದೋ ತೀರಿಕೊಂಡ ಒಬ್ಬ ದೊಡ್ಡ ಕಾದಂಬರಿಕಾರನ ಮೇಲೆ. ಆತ ಕುಡಿದು ಕುಡಿದೇ ಹಾಸಿಗೆ ಹಿಡಿದ ಎಂದು ಜಗತ್ತೆಲ್ಲ ನಂಬಿತ್ತು. ಡಾಕ್ಟರು ಒಪ್ಪಲಿಲ್ಲ. ಬಿಸಿಲಿಗೇ ಹೋಗದವನ ಮುಖ ಕಪ್ಪಿಟ್ಟದ್ದೇಕೆ? ಎದ್ದು ನಿಂತರೆ ತಲೆ ತಿರುಗುತ್ತಿದ್ದದ್ದೇಕೆ? ಉಪ್ಪು ಸಾಲದೆಂದು ಅಡುಗೆಯವಳ ಮೇಲೆ ಹರಿಹಾಯುತ್ತಿದ್ದದ್ದೇಕೆ? ಮೂತ್ರಪಿಂಡದ ಮೇಲಿನ ಪುಟ್ಟ ಗ್ರಂಥಿ ಸೋತುಹೋಗುವ ಕಾಯಿಲೆಯೇ ಅದು ಎಂದು ಅವರು ಪಟ್ಟು ಹಿಡಿದು, ಅದರ ಮೇಲೊಂದು ಪ್ರಬಂಧ ಬರೆಯತೊಡಗಿದರು.

ಬರೆದಷ್ಟನ್ನು ಹೆಂಡತಿಗೆ ಓದಿ ಹೇಳುವುದು ಅವರ ರೂಢಿ. ಮೊದಮೊದಲು ಆಕೆ ಬಟ್ಟೆ ಮಡಿಸುತ್ತ ಕೇಳುತ್ತಿದ್ದಳು. ಆಮೇಲೆ ಗೋಡೆಗೆ ಒರಗಿ, ಕೊನೆಕೊನೆಗೆ ಮಲಗಿಯೇ.

ಒಂದು ಸಂಜೆ, “ರೀ, ನನಗೂ ಹಾಗೇ ಆಗ್ತಿದೆ. ಮೊನ್ನೆ ಬರೀ ಉಪ್ಪನ್ನೇ ನೆಕ್ಕಿದೆ,” ಎಂದಳು.

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ವೈದ್ಯಕೀಯ ಕಲಿಯುವವರೆಲ್ಲ, ಓದಿದ ಕಾಯಿಲೆ ತಮಗೇ ಬಂದಿದೆ ಎಂದು ಒಮ್ಮೆಯಾದರೂ ಹೆದರುತ್ತಾರೆ, ಓದುವ ಕಾಲಕ್ಕೆ ಡಾಕ್ಟರೂ ಹೆದರಿದ್ದರು.

“ಹೃದಯದ ಪಾಠ ಓದಿದ್ರೆ ನಾಳೆ ನಿನಗೆ ಎದೆನೋವೂ ಬರುತ್ತೆ ಬಿಡು. ಸುಮ್ನೆ ಕೇಳು,” ಎಂದರು.

ಆಕೆಯೂ ನಕ್ಕಳು. ಮತ್ತೆ ಆ ಮಾತೆತ್ತಲಿಲ್ಲ. ಅಯ್ಯೋ, ಒಮ್ಮೆ ಕೈ ಹಿಡಿದು ನೋಡಿದ್ದರೂ ಸಾಕಿತ್ತು, ಬೀದಿಯವರದ್ದೆಲ್ಲ ನೋಡುತ್ತಿದ್ದರಲ್ಲ!

ಪ್ರಬಂಧ ಅಚ್ಚಾಯಿತು, ದೊಡ್ಡವರೆಲ್ಲ ಬೆನ್ನು ತಟ್ಟಿದರು. ಅದೇ ಚಳಿಗಾಲದಲ್ಲಿ ಹೆಂಡತಿಗೆ ಜ್ವರ ಬಂತು. ಎಲ್ಲರಿಗೂ ಬರುವಂಥದ್ದೇ. ಮಾತ್ರೆ ಕೊಟ್ಟು ಡಾಕ್ಟರು ದವಾಖಾನೆಗೆ ಹೋದರು. ಮಧ್ಯಾಹ್ನ ಮಗಳು ನೋಡುವಷ್ಟರಲ್ಲಿ ಆಕೆ ಅಡುಗೆಮನೆಯಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಕೈಲಾದದ್ದೆಲ್ಲ ಮಾಡಿದರು, ಜೀವ ಉಳಿಯಲಿಲ್ಲ. ಕಾಯಿಲೆ ಯಾವುದೆಂದು ಅವರು ಬಿಡಿಸಿ ಹೇಳಬೇಕಾಗಲಿಲ್ಲ. ಹೆಂಡತಿಯ ಅಂಗೈಯ ಗೆರೆಗಳೆಲ್ಲ ಕಪ್ಪಾಗಿದ್ದವು. ಡಾಕ್ಟರು ಅವನ್ನು ನೋಡಿದ್ದು ಅಂದೇ.

“ಮೈ ಕಪ್ಪಾಗೋಕೆ ಶುರುವಾಗಿ ಎಷ್ಟು ದಿನ ಆಯ್ತು, ಸಾರ್?” ಎಂದು ಡಾಕ್ಟರಮ್ಮ ಮೆಲ್ಲಗೆ ಕೇಳಿದರು.

ಕಾದಂಬರಿಕಾರನದಾಗಿದ್ದರೆ ಇಸವಿ, ತಿಂಗಳು ಸಮೇತ ಹೇಳಿಬಿಡುತ್ತಿದ್ದರು. ಹೆಂಡತಿಯದು ಗೊತ್ತಿರಲಿಲ್ಲ. ನಾಚಿಕೆಯಿಂದ, ಸಂಕಟದಿಂದ ಪಕ್ಕದಲ್ಲಿದ್ದ ಮಗಳ ಮುಖ ನೋಡಿದರು.

“ಎರಡು ವರ್ಷ,” ಎಂದಳು ಮಗಳು.